ಮಾಷ್ಟ್ರಲ್ಲಿ ಕೇಳಿ: ಹಾವಿಗೆ ಹಾಲು, ಹೋಮ್ಸನಿಗೆ ಟಪಾಲು

ಎರಡು ಸಂಚಿಕೆ ಹಿಂದೆ ಯಾರೋ "ಆಟಿಯ ಮಳೆಗೆ ಎಂತ ಓದುತ್ತೀರಿ ಮಾಷ್ಟ್ರೇ?" ಎಂದು ಕೇಳಿದ್ದರು. "ಪ್ರತಿ ವರ್ಷವೂ ಷರ್ಲಾಕ್ ಹೋಮ್ಸ್, ಕಾನನ್ ಡಾಯ್ಲ್ ಬರೆದ ಲಂಡನ್ನಿನ ಪತ್ತೇದಾರ" ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೆ. ಮುಗಿಯಲಿಲ್ಲ. ಮಕ್ಕಳ ಮಾರ್ಕು, ಜಾಗದ ತಕರಾರು, ಇಂಗ್ಲಿಷ್ ವ್ಯಾಕರಣ ಎಂದು ಬರೆಯುತ್ತಿದ್ದವರೆಲ್ಲ ಈ ಸಲ ಒಟ್ಟಾಗಿ ಅವನ ಬೇಕರ್ ಸ್ಟ್ರೀಟಿಗೆ ಹೊರಟಿದ್ದಾರೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅವನಿಗೇ. ಜಾಗದ ತಕರಾರಿನವರು ಒಂದು ತಿಂಗಳು ಕಾಯಬೇಕು. ಹೇಗೂ ಕೋರ್ಟಿನಲ್ಲಿ ಕಾದು ಅಭ್ಯಾಸ ಉಂಟಲ್ಲ.

ಮಾಷ್ಟ್ರೇ, ಮಗನಿಗೆ 41 ವಯಸ್ಸು, ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ. ಕೆಲಸ ಬಿಟ್ಟರೆ ಹೋಮ್ಸ್. ಒಂದೇ ಪುಸ್ತಕದ 14 ಪ್ರತಿ ಇಟ್ಟುಕೊಂಡಿದ್ದಾನೆ. ಮೊನ್ನೆ ಊರಿಗೆ ಬಂದವ ಕಿವಿ ಮುಚ್ಚುವ ಟೊಪ್ಪಿ ಹಾಕಿಕೊಂಡು, ಬಾಗಿದ ಪೈಪು ಕಚ್ಚಿಕೊಂಡು ತೋಟಕ್ಕೆ ಹೋದ. ಕೆಲಸದವರು ನಕ್ಕರು. ಯಾವುದಾದರೂ ಡಾಕ್ಟರಿಗೆ ತೋರಿಸಬೇಕೇ?
— ಒಬ್ಬ ತಾಯಿ, ಪೆರ್ಲ

ಅಕ್ಕಾ, ಡಾಕ್ಟರಿಗೂ ಇದೇ ಹುಚ್ಚು ಇದ್ದರೆ ಎಂತ ಮಾಡುವುದು? ಅಮೆರಿಕದ ಫಿಲಿಪ್ ಹೆಂಚ್ ಎಂಬವರು ಕಾರ್ಟಿಸೋನ್ ಎಂಬ ಮದ್ದಿನ ಕುರಿತ ಕೆಲಸಕ್ಕೆ 1950ರಲ್ಲಿ ನೊಬೆಲ್ ಪಡೆದ ವೈದ್ಯರು. ಕೈಯಲ್ಲಿ ದುಡ್ಡಿದ್ದಾಗಲೆಲ್ಲ ಹೋಮ್ಸನ ಹಳೆ ಪುಸ್ತಕ ಹುಡುಕಿದವರು. ಅವರು ಕೂಡಿಟ್ಟದ್ದು ಈಗ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಉಂಟು. ಅಲ್ಲಿ ಹಲವರ ಸಂಗ್ರಹ ಸೇರಿ 60,000ಕ್ಕೂ ಮಿಕ್ಕಿ ವಸ್ತುಗಳಾಗಿವೆ. ನಿಮ್ಮ ಮಗನ 14 ಪ್ರತಿ ಆ ರಾಶಿಯ ಎದುರು ಒಂದು ಗೋಟಡಿಕೆಯಷ್ಟೂ ಇಲ್ಲ.

ಇನ್ನೂ ಹೇಳುತ್ತೇನೆ. ಹೋಮ್ಸ್ ಇದ್ದ ಮನೆ 221ಬಿ, ಬೇಕರ್ ಸ್ಟ್ರೀಟ್. ಕಥೆ ಬರೆದ ಕಾಲಕ್ಕೆ ಆ ಬೀದಿಯಲ್ಲಿ ಅಷ್ಟು ದೊಡ್ಡ ನಂಬರೇ ಇರಲಿಲ್ಲ. ಆಮೇಲೆ ಬೀದಿ ಉದ್ದವಾಗಿ, ನಂಬರುಗಳು ಬದಲಾಗಿ, 1932ರಲ್ಲಿ ಗೃಹಸಾಲ ಕೊಡುವ ಸಂಸ್ಥೆಯೊಂದು ಆ ನಂಬರೂ ಸೇರಿದ ಜಾಗದಲ್ಲಿ ದೊಡ್ಡ ಕಟ್ಟಡ ಎಬ್ಬಿಸಿತು. ತಗೊಳ್ಳಿ, ಟಪಾಲು ಶುರು. ಕಳೆದುಹೋದ ಬೆಕ್ಕು ಹುಡುಕಿಕೊಡಿ, ಹುಟ್ಟುಹಬ್ಬದ ಶುಭಾಶಯ, ಹೀಗೆ. ಕೊನೆಗೆ ಸಂಸ್ಥೆಯವರು ಆ ಕಾಗದಗಳಿಗೆ ಉತ್ತರ ಬರೆಯಲಿಕ್ಕೆಂದೇ ಒಬ್ಬರು ಕಾರ್ಯದರ್ಶಿಯನ್ನು ನೇಮಿಸಿದರು. ಶ್ರೀಯುತ ಹೋಮ್ಸ್ ಅವರು ನಿವೃತ್ತರಾಗಿ ಸಸೆಕ್ಸಿನಲ್ಲಿ ಜೇನು ಸಾಕುತ್ತಿದ್ದಾರೆ ಎಂಬುದು ಉತ್ತರದ ಸಾರ. ಸಾಲ ಕೊಡುವವರು ಇಷ್ಟು ಮರ್ಯಾದೆಯಿಂದ ಕಾಗದ ಬರೆದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಟೊಪ್ಪಿಯ ವಿಷಯದಲ್ಲಿ ಮಾತ್ರ ನಾನು ಕೆಲಸದವರ ಪಕ್ಷ. ಆ ಟೊಪ್ಪಿಯನ್ನು ತಲೆಗೆ ಹತ್ತಿಸಿದವರು ಚಿತ್ರಕಾರ ಸಿಡ್ನಿ ಪ್ಯಾಜೆಟ್. ಕಥೆಯಲ್ಲಿ ಇದ್ದದ್ದು 'ತಲೆಗೆ ಅಂಟಿಕೊಂಡ ಬಟ್ಟೆಯ ಟೊಪ್ಪಿ' ಎಂಬ ಮಾತು. ಇನ್ನೊಂದು ಕಡೆ 'ಕಿವಿ ಮುಚ್ಚುವ ಪ್ರಯಾಣದ ಟೊಪ್ಪಿ'. ಎರಡು ಸಲವೂ ಅವನು ಲಂಡನ್ನಿನಿಂದ ಹಳ್ಳಿಗೆ ರೈಲಿನಲ್ಲಿ ಹೊರಟವ. ಪೇಟೆಯಲ್ಲಿ ಅದನ್ನು ಹಾಕುವ ಮನುಷ್ಯನಲ್ಲ. ಬಾಗಿದ ಪೈಪು ಬಂದದ್ದು ನಾಟಕದಲ್ಲಿ ಹೋಮ್ಸನ ಪಾತ್ರ ಮಾಡಿದ ವಿಲಿಯಂ ಜಿಲೆಟ್‌ನಿಂದ. ಅಂದರೆ ಊರಿಗೆ ತಕ್ಕ ಟೊಪ್ಪಿ ಹಾಕುವುದು ಹೋಮ್ಸನ ಕ್ರಮ. ಪೆರ್ಲದ ತೋಟಕ್ಕೆ ಅಡಿಕೆ ಹಾಳೆಯ ಮುಟ್ಟಾಳೆಯೇ ಸರಿ ಎಂದು ಮಗನಿಗೆ ಹೇಳಿ. ಸಾಲ ಮಾಡಿ ಪುಸ್ತಕ ತೆಗೆಯುತ್ತಾನೋ ಎಂದು ಒಮ್ಮೆ ಮೆಲ್ಲ ವಿಚಾರಿಸಿ. ಇಲ್ಲವಾದರೆ ಬಿಟ್ಟುಬಿಡಿ.

"ಎಲಿಮೆಂಟರಿ, ಮೈ ಡಿಯರ್ ವಾಟ್ಸನ್" ಯಾವ ಕಥೆಯಲ್ಲಿ ಬರುತ್ತದೆ? ಕ್ವಿಜ್‌ಗೆ ಬೇಕು.
— ವಿದ್ಯಾರ್ಥಿನಿ, ಮಂಜೇಶ್ವರ

ಯಾವುದರಲ್ಲೂ ಇಲ್ಲ. 4 ಕಾದಂಬರಿ, 56 ಕಥೆ, ಎಲ್ಲಿಯೂ ಹೋಮ್ಸ್ ತನ್ನ ಗೆಳೆಯ ಡಾಕ್ಟರ್ ವಾಟ್ಸನ್‌ಗೆ ಆ ನಾಲ್ಕು ಪದ ಒಟ್ಟಿಗೆ ಹೇಳುವುದಿಲ್ಲ. ಕ್ವಿಜ್ ಮಾಡುವವರ ಉತ್ತರ ಬೇರೆ ಇದ್ದರೆ ಜಗಳ ಮಾಡಬೇಡ, ಮಾರ್ಕು ಹೋಗುತ್ತದೆ.

ಮಾಷ್ಟ್ರೇ, 'ಸ್ಪೆಕಲ್ಡ್ ಬ್ಯಾಂಡ್' ಕಥೆಯಲ್ಲಿ ಭಾರತದಿಂದ ತಂದ ಹಾವು ಬಟ್ಟಲಿನ ಹಾಲು ಕುಡಿಯುತ್ತದೆ, ಸಿಳ್ಳೆ ಹೊಡೆದರೆ ಹಿಂದೆ ಬರುತ್ತದೆ. ನಮ್ಮ ಮನೆಯ ನಾಗಬನದಲ್ಲಿಯೂ ಹಾಲು ಎರೆಯುತ್ತೇವೆ. ಅಜ್ಜಿ "ಇಂಗ್ಲಿಷಿನವನಿಗೂ ಗೊತ್ತುಂಟು ನೋಡು" ಎನ್ನುತ್ತಾರೆ. ವಿಜ್ಞಾನ ಓದುವ ನಾನು ಎಂತ ಹೇಳಲಿ?
— ಪದವಿ ವಿದ್ಯಾರ್ಥಿ, ನೀರ್ಚಾಲು

ಅಜ್ಜಿಯ ಹತ್ತಿರ ಏನೂ ಹೇಳಬೇಡ. ನನ್ನ ಅಜ್ಜಿಯೂ ಹಟ್ಟಿಯಲ್ಲಿ ಕೇರೆಹಾವು ದನದ ಕಾಲಿಗೆ ಸುತ್ತಿ ಕೆಚ್ಚಲಿನಿಂದ ಹಾಲು ಕುಡಿಯುತ್ತದೆ ಎಂದೇ ನಂಬಿ ತೀರಿಹೋದರು. ಹಾಲು ಕಡಿಮೆಯಾದ ದಿನ ಕರೆಯುವವಳಿಗೆ ಅದು ಅನುಕೂಲದ ನಂಬಿಕೆಯಾಗಿತ್ತು ಎಂದು ನನಗೆ ಆಮೇಲೆ ಹೊಳೆಯಿತು.

ಈ ಕಥೆ 1892ರ ಫೆಬ್ರವರಿಯಲ್ಲಿ 'ಸ್ಟ್ರಾಂಡ್' ಪತ್ರಿಕೆಯಲ್ಲಿ ಬಂತು. ಕಾನನ್ ಡಾಯ್ಲ್ 1927ರಲ್ಲಿ ತನ್ನ ಮೆಚ್ಚಿನ 12 ಹೋಮ್ಸ್ ಕಥೆಗಳ ಪಟ್ಟಿ ಮಾಡಿದಾಗ ಮೊದಲನೆಯ ಸ್ಥಾನ ಇದಕ್ಕೇ ಕೊಟ್ಟರು. ನನಗೂ ಇದೇ ಮೊದಲು. ಆದರೆ ಪ್ರಾಣಿಶಾಸ್ತ್ರದಲ್ಲಿ ಇದರಷ್ಟು ಫೇಲಾದ ಕಥೆ ಇನ್ನೊಂದಿಲ್ಲ. ಕಲ್ಕತ್ತೆಯಲ್ಲಿ ವೈದ್ಯನಾಗಿದ್ದ ಡಾಕ್ಟರ್ ರಾಯ್ಲಾಟ್ ಮಲಮಗಳಂದಿರ ಹಣಕ್ಕಾಗಿ ಹಾವು ಸಾಕುತ್ತಾನೆ. ಅದು ಗಾಳಿಯ ಕಿಂಡಿಯಲ್ಲಿ ನುಗ್ಗಿ, ಗಂಟೆಯ ಹಗ್ಗ ಹಿಡಿದು ಹಾಸಿಗೆಗೆ ಇಳಿಯಬೇಕು, ಸಿಳ್ಳೆ ಕೇಳಿ ಮೇಲೆ ಹತ್ತಬೇಕು, ಬಂದು ಹಾಲು ಕುಡಿಯಬೇಕು. ಆಟ ಆಡಿಸುವವರ ಕೋತಿಯೂ ಇಷ್ಟು ಪಾಠ ಕಲಿಯಲಿಕ್ಕಿಲ್ಲ.

ಹಾವಿಗೆ ಹೊರಗಿವಿ ಇಲ್ಲ. ನೆಲದ ಅದುರು ದವಡೆಯ ಎಲುಬಿನ ಮೂಲಕ ಒಳಗಿವಿಗೆ ಮುಟ್ಟುತ್ತದೆ. ಗಾಳಿಯಲ್ಲಿ ಬರುವ ಸದ್ದಿನಲ್ಲಿ ತಗ್ಗು ಸ್ವರದ್ದು ಮಾತ್ರ ಸ್ವಲ್ಪ ತಿಳಿಯುತ್ತದೆ. ಸಿಳ್ಳೆ ಏರು ಸ್ವರ. ಹಾಲು ಅದರ ಆಹಾರವೇ ಅಲ್ಲ, ಜೀರ್ಣವಾಗುವುದೂ ಇಲ್ಲ. ಹಾವಾಡಿಗರು ದಿನಗಟ್ಟಲೆ ನೀರು ಕೊಡದೆ ಬಾಯಾರಿಸಿ ತಂದಿಟ್ಟ ಹಾವು ಎದುರಿಗೆ ಇಟ್ಟದ್ದನ್ನು ಕುಡಿಯುತ್ತದೆ, ನೋಡಿದವರು ಕೈಮುಗಿಯುತ್ತಾರೆ. ಮತ್ತೆ ಆ 'ಸ್ವಾಂಪ್ ಆ್ಯಡರ್', ಭಾರತದ ಅತ್ಯಂತ ಘೋರ ಹಾವು ಎಂದು ಹೋಮ್ಸ್ ಹೇಳುವುದು, ಆ ಹೆಸರಿನ ಹಾವೇ ನಮ್ಮಲ್ಲಿ ಇಲ್ಲ. ಅದೇ ಹಾವು ಕಚ್ಚಿದ ಹತ್ತು ಸೆಕೆಂಡಿನೊಳಗೆ ರಾಯ್ಲಾಟ್ ಸತ್ತ ಎನ್ನುತ್ತಾನೆ ಹೋಮ್ಸ್. ಯಾವ ಹಾವೂ ಅಷ್ಟು ಅವಸರದ್ದಲ್ಲ. ಕಥೆಯಲ್ಲಿ ಭಾರತದಿಂದ ತರಿಸಿದ ಬಬೂನ್ ಕೂಡ ಉಂಟು; ಬಬೂನ್ ಆಫ್ರಿಕ, ಅರೇಬಿಯಾ ಕಡೆಯ ಮಂಗ.

ಈಗ ಅಭಿಮಾನಿಗಳ ಕೆಲಸ ನೋಡು. 'ಡಾಯ್ಲ್ ತಪ್ಪಿದ' ಎಂದು ಪುಸ್ತಕ ಮುಚ್ಚುವವರಲ್ಲ ಅವರು. ಹಾಗಾದರೆ ಅದು ಯಾವ ಹಾವು ಎಂದು ಹುಡುಕಲು ಕೂತರು. ನಾಗರಹಾವು ಎಂದರು ಕೆಲವರು. ಮಲಯಾಳದಲ್ಲಿ ನಾವು ವೆಳ್ಳಿಕ್ಕೆಟ್ಟನ್ ಎನ್ನುತ್ತೇವಲ್ಲ, ಆ ಕ್ರೈಟ್ ಎಂದರು ಇನ್ನು ಕೆಲವರು; ರಾತ್ರಿ ಮಲಗಿದವರನ್ನು ನೋವೇ ತಿಳಿಯದ ಹಾಗೆ ಕಚ್ಚುವ ಗುಣ ಅದಕ್ಕೆ ಉಂಟು. ಕೊಳಕುಮಂಡಲ ಎಂದವರಿದ್ದಾರೆ, ಮೈಮೇಲಿನ ಚುಕ್ಕೆಗೆ ಸರಿ, ಹಗ್ಗ ಹತ್ತಲಿಕ್ಕೆ ಆಗದು. ಕೊನೆಗೆ ಲಾರೆನ್ಸ್ ಕ್ಲಾಬರ್ ಎದ್ದರು. ಇವರು ತಮಾಷೆಯವರಲ್ಲ, ಅಮೆರಿಕದ ಗಿಲಿಕೆ ಹಾವುಗಳ ಮೇಲೆ ಎರಡು ದಪ್ಪ ಸಂಪುಟ ಬರೆದ ಪಂಡಿತರು. ರಾಯ್ಲಾಟ್ ನಮ್ಮ ನಾಗರಹಾವಿಗೂ ಅಮೆರಿಕದ ಗಿಲಾ ಎಂಬ ವಿಷದ ಹಲ್ಲಿಗೂ ಸಂಕರ ಮಾಡಿಸಿ ಹೊಸ ಪ್ರಾಣಿಯನ್ನೇ ಹುಟ್ಟಿಸಿದ್ದ ಎಂದು ಗಂಭೀರವಾಗಿ ಪ್ರಬಂಧ ಬರೆದರು. ಹಲ್ಲಿಯ ಅಂಶ ಇದ್ದರೆ ಕಿವಿ ಬಂತು, ಹಗ್ಗ ಹತ್ತಲಿಕ್ಕೆ ಕಾಲಿನ ಉಗುರೂ ಬಂತು! ನಾನು ಇದನ್ನು ಓದಿ ಒಬ್ಬನೇ ನಕ್ಕದ್ದಕ್ಕೆ ನಮ್ಮ ಮನೆಯವಳು ಅಡುಗೆಕೋಣೆಯಿಂದ ಬಂದು ಹಣೆ ಮುಟ್ಟಿ ನೋಡಿದ್ದಳು.

ನಾನು ತಾಳಮದ್ದಳೆಯಲ್ಲಿ ಕೂತು ಪಾತ್ರದ ಮಾತು ಹೇಳುವ ಹವ್ಯಾಸಿ ಅರ್ಥಧಾರಿ. ಇಂಗ್ಲಿಷರು ಹೋಮ್ಸ್ ನಿಜವಾಗಿ ಬದುಕಿದ್ದ ಎಂದು ವಾದಿಸುತ್ತಾರಂತೆ. ಓದಿದವರು ಹೀಗೆ ಮಾಡುವುದೇ?
— ಕುಂಬಳೆ

ಮಾರಾಯ್ರೇ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನೀವು, ಈ ಪ್ರಶ್ನೆ ನನ್ನಲ್ಲಿ ಕೇಳುವುದೇ? ಕಳೆದ ವಾರ ವಾಲಿಯಾಗಿ ಕೂತು, "ಮರದ ಮರೆಯಿಂದ ಬಾಣ ಬಿಟ್ಟದ್ದು ಯಾವ ಧರ್ಮ?" ಎಂದು ಅರ್ಧ ಗಂಟೆ ರಾಮನನ್ನು ಬಿಡದೆ ಹಿಡಿದವರು ನೀವೇ ಇರಬೇಕು. ರಾಮನ ಅರ್ಥ ಹೇಳುವವರು ಆಗ, "ಕವಿ ಹಾಗೆ ಬರೆದಿದ್ದಾನೆ, ನಾನೆಂತ ಮಾಡಲಿ" ಎಂದರೆ ತಾಳಮದ್ದಳೆ ಉಳಿಯುತ್ತದೆಯೇ? ಭಾಗವತರು ಜಾಗಟೆ ಕೆಳಗಿಟ್ಟು ಮನೆಗೆ ಹೋದಾರು.

ಅವರದ್ದೂ ಅದೇ ಆಟ. 1911ರಲ್ಲಿ ರೊನಾಲ್ಡ್ ನಾಕ್ಸ್ ಎಂಬವರು, ಮುಂದೆ ಪಾದ್ರಿಯಾದವರು, ಧರ್ಮಗ್ರಂಥ ವಿಮರ್ಶೆ ಮಾಡುವ ಪಂಡಿತರ ಶೈಲಿಯನ್ನು ಹಾಸ್ಯ ಮಾಡಲು ಹೋಮ್ಸ್ ಕಥೆಗಳ ಮೇಲೆ ಅದೇ ಧಾಟಿಯ ಉಪನ್ಯಾಸ ಓದಿದರು. ಹಾಸ್ಯ ಬೇರು ಬಿಟ್ಟಿತು. ನಿಯಮ ಇಷ್ಟೇ: ಹೋಮ್ಸ್ ಇದ್ದ, ವಾಟ್ಸನ್ ಬರೆದ, ಡಾಯ್ಲ್ ವಾಟ್ಸನ್‌ನ ಪುಸ್ತಕ ಮಾರಿಸಿಕೊಟ್ಟ ಏಜೆಂಟ್ ಮಾತ್ರ. 60 ಕಥೆಗಳು ಅವರ ಪ್ರಸಂಗ. ಪದ್ಯ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ, ಪದ್ಯದೊಳಗೆ ಎಷ್ಟು ಅರ್ಥ ಬೇಕಾದರೂ ಹೇಳಬಹುದು.

ಸರಕಿಗೆ ಬರಗಾಲವಿಲ್ಲ, ಯಾಕೆಂದರೆ ಡಾಯ್ಲ್ ಅವಸರದಲ್ಲಿ ಬರೆದವರು, ಹಿಂದಿನದ್ದನ್ನು ತಿರುಗಿ ನೋಡಿದವರಲ್ಲ. 1880ರ ಮೈವಾಂದ್ ಯುದ್ಧದಲ್ಲಿ ವಾಟ್ಸನ್‌ಗೆ ಗುಂಡು ತಾಗಿದ್ದು ಮೊದಲ ಕಾದಂಬರಿಯಲ್ಲಿ ಹೆಗಲಿಗೆ, ಎರಡನೆಯದರಲ್ಲಿ ಕಾಲಿಗೆ. ಗುಂಡು ಎರಡೋ, ಅಥವಾ ಒಂದೇ ಗುಂಡು ಅವನು ಬಗ್ಗಿದ್ದಾಗ ಎರಡು ಕಡೆ ಹೊಕ್ಕಿತೋ? ವಾಟ್ಸನ್‌ನ ಹೆಸರು ಜಾನ್ ಎಚ್.; ಒಂದು ಕಥೆಯಲ್ಲಿ ಹೆಂಡತಿ ಅವನನ್ನು 'ಜೇಮ್ಸ್' ಎಂದು ಕರೆಯುತ್ತಾಳೆ. ಹೆಂಡತಿಗೆ ಗಂಡನ ಹೆಸರು ಮರೆತದ್ದೇ? ಇದಕ್ಕೆ ಪತ್ತೇದಾರಿ ಲೇಖಕಿ ಡೊರೊಥಿ ಸೇಯರ್ಸ್ ಹೇಳಿದ ಅರ್ಥಕ್ಕೆ ನಾನಾದರೆ ಶಾಲು ಹೊದಿಸುತ್ತಿದ್ದೆ: ಎಚ್ ಎಂದರೆ ಹೇಮಿಷ್, ಅದು ಜೇಮ್ಸ್‌ನ ಸ್ಕಾಟ್ಲೆಂಡ್ ರೂಪ, ಹೆಂಡತಿ ಪ್ರೀತಿಯಿಂದ ಅದನ್ನು ಇಂಗ್ಲಿಷ್ ಮಾಡಿ ಕರೆದಳು. ಶೇಣಿಯ ಕಡೆಯ ಹಿರಿಯ ಅರ್ಥಧಾರಿಗಳು ಕೇಳಿದ್ದರೆ ತಲೆದೂಗುತ್ತಿದ್ದರು.

ಕಥೆ ಎಲ್ಲರಿಗೂ ಬಾಯಿಪಾಠ. ಕೊಲೆಗಾರ ಯಾರೆಂದು ಗೊತ್ತು, ವಾಲಿ ಸಾಯುತ್ತಾನೆ ಎಂದೂ ಗೊತ್ತು. ಆದರೂ ಚಾಪೆ ಹಾಸಿ ಕೂರುತ್ತೇವಲ್ಲ, ಅಲ್ಲಿಂದಲೇ ಅವರನ್ನು ನೋಡಿ.

ಅಜ್ಜನ ಅಟ್ಟದಲ್ಲಿ ಹೋಮ್ಸನ ದಪ್ಪ ಪುಸ್ತಕ ಸಿಕ್ಕಿತು. ಲಂಡನ್, ಜಾನ್ ಮರ್ರೆ ಎಂದುಂಟು. ಒಳಗೆ ಅಜ್ಜನ ರುಜು, ಸೌತ್ ಕೆನರಾ ಎಂಬ ಮೊಹರು. ಮೊದಲ ಮುದ್ರಣಕ್ಕೆ ಕೋಟಿ ಸಿಗುತ್ತದೆ ಎಂದು ಭಾವ ಹೇಳುತ್ತಾರೆ. ಹೌದೇ?
— ಉಪ್ಪಳ

ಭಾವನವರು ಹೇಳಿದ್ದರಲ್ಲಿ ಒಂದು ಕಾಳು ಸತ್ಯ ಉಂಟು, ಅದು ನಿಮ್ಮ ಅಟ್ಟದಲ್ಲಿಲ್ಲ. ಹೋಮ್ಸ್ ಮೊದಲು ಬಂದದ್ದು 1887ರ 'ಬೀಟನ್ಸ್ ಕ್ರಿಸ್ಮಸ್ ಆ್ಯನ್ಯುಯಲ್' ಎಂಬ ವಿಶೇಷಾಂಕದಲ್ಲಿ. ಕಾಗದದ ರಕ್ಷಾಪುಟ, ಬೆಲೆ ಒಂದು ಶಿಲ್ಲಿಂಗ್, ಜೊತೆಗೆ ಮನೆಯಲ್ಲಿ ಆಡುವ ಎರಡು ಸಣ್ಣ ನಾಟಕ. ಡಾಯ್ಲ್‌ಗೆ ಸಿಕ್ಕಿದ್ದು 25 ಪೌಂಡು, ಹಕ್ಕೆಲ್ಲ ಬರೆದುಕೊಟ್ಟು. ಹಬ್ಬ ಮುಗಿದ ಮೇಲೆ ಜನ ಅದನ್ನು ಒಲೆಗೆ ಹಾಕಿದರು, ನಾವು ಹಳೆ ದೀಪಾವಳಿ ಸಂಚಿಕೆಯಲ್ಲಿ ಬೆಲ್ಲ ಕಟ್ಟುವ ಹಾಗೆ. ಈಗ ಜಗತ್ತಿನಲ್ಲಿ ಉಳಿದದ್ದು ಮೂವತ್ತು ಚಿಲ್ಲರೆ. ಒಂದು ಪ್ರತಿ 2007ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 1,56,000 ಡಾಲರಿಗೆ ಹೋಯಿತು.

ನಿಮ್ಮದು, ಬರೆದ ವಿವರ ನೋಡಿದರೆ, ಮರ್ರೆಯವರ ಒಟ್ಟು ಕಥಾಸಂಪುಟ. 1928ರಲ್ಲಿ ಮೊದಲು ಬಂತು, ಆಮೇಲೆ ಮತ್ತೆ ಮತ್ತೆ ಅಚ್ಚಾಯಿತು. ಹೆಸರಿನ ಪುಟದ ಬೆನ್ನು ನೋಡಿ. ಅಲ್ಲಿ ಮರುಮುದ್ರಣಗಳ ಪಟ್ಟಿ ಇರುತ್ತದೆ, ಕೊನೆಯ ಇಸವಿಯೇ ನಿಮ್ಮ ಪುಸ್ತಕದ ವಯಸ್ಸು. ಸೌತ್ ಕೆನರಾ ಮೊಹರು ಇರುವುದರಿಂದ 1956ಕ್ಕೆ ಮುಂಚಿನದ್ದಿರಬೇಕು, ಕಾಸರಗೋಡು ಮದ್ರಾಸಿನವರ ಕೈಯಲ್ಲಿದ್ದ ಕಾಲದ್ದು. ಮಾರಿದರೆ ಭಾವನ ಬೈಕಿಗೆ ಪೆಟ್ರೋಲ್ ಹಾಕಬಹುದು. ಅಜ್ಜನ ರುಜು ಇರುವ ಪುಟ ಹರಿದು ಫ್ರೇಮ್ ಹಾಕಿಸುವ ಯೋಚನೆ ಬಂದರೆ ದಯವಿಟ್ಟು ಬಿಡಿ.

ಉಳಿಸುವುದು ಹೇಗೆ ಎಂದು ಕೇಳಲಿಲ್ಲ, ಆದರೂ ಹೇಳುತ್ತೇನೆ, ಇದರಲ್ಲಿ ನಾನು ಪೆಟ್ಟು ತಿಂದವ. ಕಬ್ಬಿಣದ ಕಪಾಟಿನಲ್ಲಿ ಜೂನ್‌ನಲ್ಲಿ ಮುಚ್ಚಿ ಸೆಪ್ಟೆಂಬರಿನಲ್ಲಿ ತೆಗೆದರೆ ಬೂಷ್ಟಿನ ಹಪ್ಪಳ ಸಿಗುತ್ತದೆ. ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಮರದ ಕಪಾಟು ಇಡಿ, ಮಳೆ ಬಿಟ್ಟ ದಿನ ಬಾಗಿಲು ತೆರೆದು ಫ್ಯಾನು ಹಾಕಿ. ಅಡಿಕೆಯ ಹಾಗೆ ಅಂಗಳದಲ್ಲಿ ಬಿಸಿಲಿಗೆ ಹರವಬೇಡಿ, ನೆರಳಲ್ಲಿ ಒಣಗಲಿ. ಸೆಲ್ಲೋಟೇಪ್ ಮುಟ್ಟಿಸಬೇಡಿ, ಹತ್ತು ವರ್ಷಕ್ಕೆ ಟೇಪು ಬಿದ್ದುಹೋಗಿ ಕಂದು ಕಲೆ ಉಳಿಯುತ್ತದೆ. ಹಳೆಯ ಬೈಂಡರರು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತು ಹಾಕುತ್ತಿದ್ದರು, ಹುಳ ಬಾರದಿರಲಿ ಎಂದು. ಕೊಳೆರೋಗಕ್ಕೆ ತೋಟದಲ್ಲಿ ಬಿಡುವ ಮದ್ದೂ ಅದರಿಂದಲೇ. ನಮ್ಮಲ್ಲಿ ಅಡಿಕೆ, ಪುಸ್ತಕ ಎರಡಕ್ಕೂ ಮಳೆಗಾಲವೇ ಶತ್ರು.

ಹೋಮ್ಸ್ ಕಥೆಗಳಲ್ಲಿ ನಮ್ಮ ಕಡೆಯ ಹೆಸರು ಎಲ್ಲಾದರೂ ಉಂಟೇ?
— ಮುಳ್ಳೇರಿಯ

ಬೆಂಗಳೂರು ಉಂಟು, ಖಳನ ಲೆಕ್ಕದಲ್ಲಿ. ಹೋಮ್ಸನ ಪರಮ ಶತ್ರು ಪ್ರೊಫೆಸರ್ ಮೊರಿಯಾರ್ಟಿಯ ಬಲಗೈ ಕರ್ನಲ್ ಸೆಬಾಸ್ಟಿಯನ್ ಮೊರಾನ್, ಹುಲಿ ಬೇಟೆಗಾರ, 'ಫಸ್ಟ್ ಬ್ಯಾಂಗಲೋರ್ ಪಯೊನಿಯರ್ಸ್' ಪಡೆಯವ. ಪಡೆ ಕಲ್ಪನೆಯದ್ದು, ಊರು ನಮ್ಮದು. ಕಾಸರಗೋಡಿಗೆ ಆ ಭಾಗ್ಯ ಇಲ್ಲ.

ಆದರೆ ಪತ್ತೇದಾರರಿಗೆ ನಮ್ಮಲ್ಲಿ ಕೊರತೆ ಇರಲಿಲ್ಲ. ನನ್ನ ಹೈಸ್ಕೂಲು ದಿನಗಳಲ್ಲಿ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ಹಗ್ಗಕ್ಕೆ ಎನ್. ನರಸಿಂಹಯ್ಯನವರ ಪುರುಷೋತ್ತಮ ನೇತಾಡುತ್ತಿದ್ದ, ಪಕ್ಕದ ಹಗ್ಗದಲ್ಲಿ ಕೋಟ್ಟಯಂ ಪುಷ್ಪನಾಥರ ಮಲಯಾಳ ಪತ್ತೇದಾರರು. ಕನ್ನಡದ್ದು ಮನೆಯಲ್ಲಿ ಕದ್ದು ಓದುವುದು, ಮಲಯಾಳದ್ದು ಕ್ಲಾಸಿನಲ್ಲಿ ಕದ್ದು ಓದುವುದು, ಯಾಕೆಂದರೆ ನಮ್ಮ ಕನ್ನಡ ಪಂಡಿತರಿಗೆ ಮಲಯಾಳ ಓದಲು ಬರುತ್ತಿರಲಿಲ್ಲ.

ಇಲ್ಲಿ ಹತ್ತು ಕನ್ನಡದ ಗೆಳೆಯರು ಸೇರಿ ಹೋಮ್ಸ್ ಸಂಘ ಕಟ್ಟಬೇಕೆಂದಿದ್ದೇವೆ. ಸಲಹೆ?
— ಹೊಸೂರು

ಅಧ್ಯಕ್ಷರನ್ನು ಆರಿಸಬೇಡಿ, ಊಟಕ್ಕೆ ಸೇರಿ. 1934ರಲ್ಲಿ ನ್ಯೂಯಾರ್ಕಿನಲ್ಲಿ ಕ್ರಿಸ್ಟೋಫರ್ ಮಾರ್ಲೆ ಶುರು ಮಾಡಿದ 'ಬೇಕರ್ ಸ್ಟ್ರೀಟ್ ಇರ್ರೆಗ್ಯುಲರ್ಸ್' ಹೀಗೇ ಊಟದಿಂದ ಬೆಳೆದದ್ದು. ಪದಬಂಧ ಬಿಡಿಸಿದವರಿಗೆ ಪ್ರವೇಶ ಎಂದಿದ್ದರು. ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಮಾತ್ರ ಅವರಿಗೆ 1991 ಆಗಬೇಕಾಯಿತು, ಅಷ್ಟೆಲ್ಲ ಸುಳಿವು ಹುಡುಕುವ ಜನಕ್ಕೆ! ನೀವು ಮೊದಲ ದಿನವೇ ಕರೆಯಿರಿ. ಕಥೆಗಳನ್ನು ಕನ್ನಡಕ್ಕೆ ತರುವ ಮನಸ್ಸಿದ್ದರೆ ಅಪ್ಪಣೆ ಬೇಡ. ಡಾಯ್ಲ್ ತೀರಿದ್ದು 1930ರಲ್ಲಿ, ಭಾರತದಲ್ಲಿ ಹಕ್ಕು 1980ಕ್ಕೇ ಮುಗಿದಿದೆ.

ಮಾಷ್ಟ್ರೇ, ನಿಮ್ಮ ಹತ್ತಿರ ಎಷ್ಟು ಹೋಮ್ಸ್ ಉಂಟು? ಯಾವುದನ್ನು ಯಾರಿಗೂ ಕೊಡುವುದಿಲ್ಲ?
— ಹಳೆ ಶಿಷ್ಯ, ಬದಿಯಡ್ಕ

63. ಹೆಚ್ಚಿನವು ಮಂಗಳೂರಿನ ಹಳೆ ಪುಸ್ತಕದ ಅಂಗಡಿಯವು, ಬೆಲೆಬಾಳುವಂಥದ್ದು ಒಂದೂ ಇಲ್ಲ. ಯಾರಿಗೂ ಕೊಡದೆ ಇಟ್ಟದ್ದು ಅಂಚು ಸವೆದ ಒಂದು ಪೇಪರ್‌ಬ್ಯಾಕ್.

ನಮ್ಮ ಊರಿನ ಹತ್ತಿರ ಒಂದು ವಾಚನಾಲಯ ಇತ್ತು. ಹೆಸರು ಬೇಡ. ಆ ಪುಸ್ತಕ ನಾನು ಮೊದಲು ಓದಿದ್ದು ಅಲ್ಲಿಂದ, ಎಂಟನೇ ಕ್ಲಾಸಿನಲ್ಲಿ. ಕೊನೆಯ ಕಥೆ, ಸ್ವಿಟ್ಜರ್ಲೆಂಡಿನ ರೈಖೆನ್‌ಬಾಖ್ ಜಲಪಾತದ್ದು. ಹೋಟೆಲಿನಲ್ಲಿ ಒಬ್ಬ ಇಂಗ್ಲಿಷ್ ಹೆಂಗಸು ಸಾಯುತ್ತಿದ್ದಾಳೆ, ಡಾಕ್ಟರು ಬೇಕು ಎಂದು ಹುಡುಗ ಚೀಟಿ ತರುತ್ತಾನೆ, ವಾಟ್ಸನ್ ಇಳಿದು ಹೋಗುತ್ತಾನೆ, ತಿರುಗಿ ನೋಡುವಾಗ ಹೋಮ್ಸ್ ಬಂಡೆಗೆ ಒರಗಿ ನೀರನ್ನು ನೋಡುತ್ತಾ ನಿಂತಿದ್ದಾನೆ. ಅಲ್ಲಿಗೆ ಪುಟ ಮುಗಿಯಿತು. ಮುಂದಿನ ಹಾಳೆಗಳು ಇರಲಿಲ್ಲ. ಒರಲೆಯೋ, ಕಡಲೆ ಕಟ್ಟಿದವರೋ. ಹಾಗಾಗಿ ನನ್ನ ಮಟ್ಟಿಗೆ ಹೋಮ್ಸ್ ಸುಮಾರು ವರ್ಷ ಅಲ್ಲೇ ನಿಂತಿದ್ದ. 1893ರಲ್ಲಿ ಆ ಕಥೆಯಲ್ಲಿ ಹೋಮ್ಸ್ ಸತ್ತದ್ದನ್ನು ಓದಿ ಲಂಡನ್ನಿನವರು ಸಿಟ್ಟಿನಿಂದ ಪತ್ರಿಕೆಯ ಚಂದಾ ಬಿಟ್ಟದ್ದು, 1903ರಲ್ಲಿ ಡಾಯ್ಲ್ ಅವನನ್ನು ತಿರುಗಿ ಕರೆತಂದದ್ದು ನನಗೆ ಕಾಲೇಜಿನಲ್ಲಿ ಒಂದೇ ದಿನ ತಿಳಿಯಿತು. ಅಳುವುದಕ್ಕೂ ಸಮಯ ಸಿಗಲಿಲ್ಲ.

ವಾಚನಾಲಯದವರು ಒಂದು ದಿನ ಕಟ್ಟಡ ಖಾಲಿ ಮಾಡಿ ಪುಸ್ತಕಗಳನ್ನು ಗುಜರಿಗೆ ತೂಕಕ್ಕೆ ಹಾಕಿದರು. ಮೊದಲೇ ಒಂದು ಮಾತು ಹೇಳಿದ್ದರೆ ಊರಿನವರು ಹೊತ್ತುಕೊಂಡು ಹೋಗುತ್ತಿದ್ದರು. ಗೊತ್ತಾಗಿ ನಾನು ಸ್ಕೂಟರಿನಲ್ಲಿ ಹೋಗುವಾಗ ಅರ್ಧ ಲೋಡು ಹೊರಟುಹೋಗಿತ್ತು. ಉಳಿದದ್ದನ್ನು ಗುಜರಿಯವನು ತಕ್ಕಡಿಗೆ ಹಾಕಿದ, ಮೂರೂವರೆ ಕಿಲೋ. ಅದರ ನಡುವೆ ಇದೂ ಇತ್ತು.

ನಾನು ಓದಿ ಹಿಂದೆ ಕೊಟ್ಟ ಮೇಲೆ ಬೇರೆಯವರೂ ಓದಿದ್ದಾರೆ. ಕೊನೆಯ ಪುಟದ ಅಡಿಯಲ್ಲಿ ಪೆನ್ಸಿಲಿನಲ್ಲಿ ಒಬ್ಬರು "ಮುಂದೆ ಎಂತ ಆಯಿತು?" ಎಂದು ಬರೆದಿದ್ದಾರೆ. ಅದರ ಕೆಳಗೆ ಕಪ್ಪು ಪೆನ್ನಿನಲ್ಲಿ, ಮಲಯಾಳ ಅಕ್ಷರದಲ್ಲಿ, ಒಂದೇ ಪದ: "ಚತ್ತು." ಅದರ ಕೆಳಗೆ ನೀಲಿ ಶಾಯಿಯಲ್ಲಿ, ಕನ್ನಡದಲ್ಲಿ: "ಸುಳ್ಳು. ಬರುತ್ತಾನೆ."